ಕುಡಿದವನಿಗೆ ಕ್ಯಾಮೆರಾ, ಬರೆದವರಿಗೆ ಆಲೂಗಡ್ಡೆ

ಭಾನುವಾರ ಮಧ್ಯಾಹ್ನ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಟು ವಾಕ್ ಇನ್‌ವಿಸಿಬಲ್’ ನೋಡಿದೆ. 2016ರಲ್ಲಿ ಬಿಬಿಸಿ ಟೀವಿಯಲ್ಲಿ ಬಂದ ನಾಟಕ. ಸ್ಯಾಲಿ ವೇನ್‌ರೈಟ್ ಬರೆದು ನಿರ್ದೇಶಿಸಿದ್ದು. ಶುರುವಾಗುವ ಮುಂಚೆಯೇ ಅಮ್ಮನಿಗೆ ಹೇಳಿದ್ದೆ: ಇಂಗ್ಲೆಂಡಿನ ಯಾರ್ಕ್‌ಶೈರಿನ ಹಾವರ್ತ್ ಅನ್ನೋ ಊರು, ಪಾದ್ರಿಯ ಮನೆ, ಮೂರು ಜನ ಹೆಣ್ಣುಮಕ್ಕಳು, ಶಾರ್ಲೆಟ್, ಎಮಿಲಿ, ಆ್ಯನ್, ಬ್ರಾಂಟೆ ಅಕ್ಕತಂಗಿಯರು, ಮೂವರೂ ಗಂಡಸರ ಹೆಸರಿಟ್ಟುಕೊಂಡು ಬರೆದ ದೊಡ್ಡ ಕಾದಂಬರಿಕಾರ್ತಿಯರು. ಅರ್ಧ ಗಂಟೆ ಆಯಿತು. ಅಮ್ಮ ಕೇಳಿದಳು, “ಈ ಹುಡುಗ ಏನು ಬರೆದಿದಾನೆ?”

ಆ ಹುಡುಗ ಬ್ರ್ಯಾನ್‌ವೆಲ್. ಅವರ ಒಡಹುಟ್ಟಿದವನು. ಹೇಳಿಕೊಳ್ಳುವಂಥದ್ದೇನಿಲ್ಲ ಅಂದೆ.

“ಮತ್ತೆ ಯಾಕೆ ಬರೀ ಇವನೇ ಬರ್ತಿದಾನೆ?”

ಉತ್ತರ ಇರಲಿಲ್ಲ. 1845ರಲ್ಲಿ ಮನೆಪಾಠದ ಕೆಲಸ ಕಳೆದುಕೊಂಡು ಬರುತ್ತಾನೆ, ಕೆಲಸ ಕೊಟ್ಟವರ ಹೆಂಡತಿ ಜೊತೆ ಪ್ರೇಮವಂತೆ. ಅಲ್ಲಿಂದ ಕುಡಿಯುತ್ತಾನೆ, ಕಿರುಚುತ್ತಾನೆ, ಅಪ್ಪನ ಹತ್ತಿರ ದುಡ್ಡು ಕೀಳುತ್ತಾನೆ, ಮತ್ತೆ ಕುಡಿಯುತ್ತಾನೆ, 1848ರಲ್ಲಿ ಸಾಯುತ್ತಾನೆ. ಪಾಪ, ಅವನೂ ಕವಿಯೇ, ಅಕ್ಕತಂಗಿಯರಿಗಿಂತ ಮೊದಲು ಅವನ ಪದ್ಯಗಳು ಪತ್ರಿಕೆಯಲ್ಲಿ ಅಚ್ಚಾಗಿದ್ದವು. ಆದರೆ ಅವನು ಪದ್ಯ ಬರೆದಿದ್ದಕ್ಕೆ ಇಷ್ಟು ಹೊತ್ತು ತೋರಿಸಿದ್ದಲ್ಲ ಅಲ್ವಾ. ಕುಡಿಯೋದು ತೆರೆ ಮೇಲೆ ಚೆನ್ನಾಗಿ ಕಾಣಿಸುತ್ತದೆ. ಬಾಟಲಿ ಒಡೆಯುತ್ತದೆ, ಬಾಗಿಲು ಬಡಿಯುತ್ತದೆ. ಬರೆಯೋದು ಹೇಗೆ ಕಾಣಿಸುತ್ತದೆ? ತಲೆ ಬಗ್ಗಿಸಿಕೊಂಡು ಕೂತ ಹೆಂಗಸು, ಒಂದು ಮೇಣದಬತ್ತಿ. ಅಷ್ಟೇ.

ಆ ಮನೆಯಲ್ಲಿ ನಿಜವಾಗಿ ನಡೆಯುತ್ತಿದ್ದದ್ದು ಇದು. ರಾತ್ರಿ ಒಂಬತ್ತಕ್ಕೆ ಅಪ್ಪ ಮೆಟ್ಟಿಲ ಮೇಲಿನ ಗಡಿಯಾರಕ್ಕೆ ಕೀ ಕೊಟ್ಟು ಮಲಗಲು ಹೋಗುತ್ತಿದ್ದರು. ಆಮೇಲೆ ಮೂವರೂ ಊಟದ ಟೇಬಲ್ ಸುತ್ತ ಸುತ್ತು ಹಾಕುತ್ತ, ಬರೆದದ್ದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಗಂಟೆಗಟ್ಟಲೆ ಟೇಬಲ್ ಸುತ್ತುವುದನ್ನು ಯಾರು ನೋಡುತ್ತಾರೆ? ಇನ್ನೂ ಮಜಾ ಕೇಳಿ. ಅವರು ಒಂದು ಸಾಲಾದರೂ ಅಚ್ಚು ಹಾಕಿಸಿದ್ದಾರೆ ಅನ್ನೋದು ಬ್ರ್ಯಾನ್‌ವೆಲ್‌ಗೆ ಸಾಯುವವರೆಗೂ ಗೊತ್ತಿರಲಿಲ್ಲ ಅಂತ ಶಾರ್ಲೆಟ್ಟೇ ಬರೆದಿದ್ದಾಳೆ. ಬರವಣಿಗೆಯ ಸುದ್ದಿಯೇ ಗೊತ್ತಿಲ್ಲದ ಮನುಷ್ಯ ಬರಹಗಾರರ ಮೇಲಿನ ನಾಟಕಕ್ಕೆ ಹೀರೋ.

ಹದಿನಾರು ವರ್ಷದ ಎಮಿಲಿ 1834ರಲ್ಲಿ ಬರೆದಿಟ್ಟ ಒಂದು ದಿನಚರಿ ಚೀಟಿ ಇದೆ. ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುವ ಮಾತು, ಅದರ ಜೊತೆಯಲ್ಲೇ ತಾನೂ ಆ್ಯನ್ನೂ ಕಟ್ಟಿಕೊಂಡಿದ್ದ ಗೊಂಡಾಲ್ ಅನ್ನೋ ಕಲ್ಪನೆಯ ದೇಶದ ಸುದ್ದಿ. ನನಗೆ ಕೇಳಿದರೆ ಅದೇ ಇಡೀ ನಾಟಕ. ಆದರೆ ಆಲೂಗಡ್ಡೆ ಕೂಗಾಡುವುದಿಲ್ಲವಲ್ಲ.

ಈಗ ಮನೆಯ ವಿಷಯ. ಅವರು ಬದುಕಿದ್ದ ಮನೆ ಹಾವರ್ತಿನಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿದೆ, 1928ರಿಂದ ಮ್ಯೂಸಿಯಂ. ಆದರೆ ಆಮೇಲೆ ಬಂದ ಪಾದ್ರಿ ಪಕ್ಕಕ್ಕೆ ಒಂದು ಭಾಗ ಕಟ್ಟಿಸಿಬಿಟ್ಟರು, ಸುತ್ತ ಮರಗಳೂ ಎದ್ದಿವೆ. ಈ ನಾಟಕಕ್ಕೆ ಏನು ಮಾಡಿದರು? ಅದೇ ಊರಿನ ಪಕ್ಕದ ಗುಡ್ಡದ ಮೇಲೆ ಹೊಸದಾಗಿ ಒಂದು ಹಳೇ ಮನೆ ಕಟ್ಟಿದರು. ಅಸಲಿ ಮನೆ ಅಸಲಿಯ ಥರ ಕಾಣುತ್ತಿರಲಿಲ್ಲ, ನಕಲಿ ಕಾಣುತ್ತಿತ್ತು. ತಪ್ಪು ಅನ್ನುತ್ತಿಲ್ಲ, ಚೆನ್ನಾಗೇ ಕಟ್ಟಿದ್ದಾರೆ.

ಅಲ್ಲೇ ಬಯಲಿನಲ್ಲಿ ಟಾಪ್ ವಿದನ್ಸ್ ಅಂತ ಒಂದು ಪಾಳು ಮನೆ ಇದೆ. ಎಮಿಲಿಯ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಮನೆ ಇದೇ ಅಂತ ಜನ ಗಾಳಿ ಮಳೆಯಲ್ಲಿ ನಡೆದು ಹೋಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ದಾರಿ ತೋರಿಸುವ ಫಲಕ ಜಪಾನಿ ಭಾಷೆಯಲ್ಲೂ ಇದೆ. ಅಷ್ಟು ದೂರ ಏದುಸಿರು ಬಿಟ್ಟು ಹೋದರೆ ಗೋಡೆ ಮೇಲೆ 1964ರಲ್ಲಿ ಬ್ರಾಂಟೆ ಸೊಸೈಟಿ ಹಾಕಿದ ಕಲ್ಲು. ಈ ಕಟ್ಟಡ ಪೂರ್ತಿ ಇದ್ದಾಗಲೂ ಎಮಿಲಿ ವರ್ಣಿಸಿದ ಮನೆಯನ್ನು ಹೋಲುತ್ತಿರಲಿಲ್ಲ, ಜಾಗ ಬೇಕಾದರೆ ಅವಳ ಮನಸ್ಸಿನಲ್ಲಿ ಇದ್ದಿರಬಹುದು ಅಂತ ಅದರ ಮೇಲೆ ಕೊರೆದಿದ್ದಾರೆ. ತುಂಬ ಜನ ವಿಚಾರಿಸಿದ್ದರಿಂದ ಈ ಕಲ್ಲು ಹಾಕಿದ್ದೇವೆ ಅಂತಲೂ ಇದೆ. ಬಸ್ ಸ್ಟ್ಯಾಂಡಿನಲ್ಲಿ ‘ಇಲ್ಲಿ ವಿಚಾರಿಸಬೇಡಿ’ ಬೋರ್ಡ್ ನೋಡಿದವರಿಗೆ ಈ ದನಿ ಗೊತ್ತಾಗುತ್ತದೆ.

ಹೆಸರಿನ ಕತೆ ಇನ್ನೊಂದು. ಐರ್ಲೆಂಡಿನಿಂದ ಬಂದ ಅಪ್ಪನ ಮನೆತನದ ಹೆಸರು ಬ್ರಂಟಿ ಅಂತಿತ್ತು. ಕೇಂಬ್ರಿಜ್ ಸೇರಿದ ಮೇಲೆ ಅದು ಬ್ರಾಂಟೆ ಆಯಿತು, ಕೊನೆಯ ಅಕ್ಷರದ ಮೇಲೆ ಎರಡು ಚುಕ್ಕಿ ಕೂತವು. ಮಕ್ಕಳು ಆ ಹೆಸರನ್ನೇ ಮುಚ್ಚಿಟ್ಟು ಕರರ್, ಎಲಿಸ್, ಆ್ಯಕ್ಟನ್ ಬೆಲ್ ಆದರು. ಆಗಬೇಕಾಗಿತ್ತು ಬಿಡಿ. ಸಾಹಿತ್ಯ ಹೆಂಗಸರ ಬದುಕಿನ ಉದ್ಯೋಗ ಆಗಲಾರದು, ಆಗಲೂಬಾರದು ಅಂತ 1837ರಲ್ಲಿ ಶಾರ್ಲೆಟ್‌ಗೆ ಉತ್ತರ ಬರೆದವರು ಸ್ವತಃ ಆಸ್ಥಾನಕವಿ ರಾಬರ್ಟ್ ಸದಿ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬ್ಬೆ ಅನ್ನೋ ದೊಡ್ಡ ಚರ್ಚಿನ ಕವಿಗಳ ಮೂಲೆಯಲ್ಲಿ ಅವರ ಮೂರ್ತಿ ಇದೆ. ಅದೇ ಮೂಲೆಯಲ್ಲಿ 1939ರಲ್ಲಿ ಮೂವರು ಅಕ್ಕತಂಗಿಯರಿಗೂ ಕಲ್ಲು ಇಟ್ಟರು. ಚುಕ್ಕಿ ಹಾಕುವುದನ್ನು ಮರೆತರು. ಮೂರು ಹೆಸರಿಗೂ. ಸರಿ ಮಾಡಿದ್ದು 2024ರ ಸೆಪ್ಟೆಂಬರಿನಲ್ಲಿ. ಎಂಬತ್ತೈದು ವರ್ಷ, ಆರು ಚುಕ್ಕಿ. ಕನ್ನಡದಲ್ಲಿ ಬರೆದಿದ್ದರೆ ಒಂದು ಏತ್ವ ಎಳೆದು ಮುಗಿಸಬಹುದಿತ್ತು.

ನಾಟಕ ಮುಗಿಯಿತು. ಕೊನೆಗೆ ಆ ಟೇಬಲ್ ಏನಾಯಿತು ಅಂತ ಅಮ್ಮ ಕೇಳಿದಳು, ಅವಳಿಗೆ ಸಾಮಾನಿನ ಚಿಂತೆ. ಹೇಳಿದೆ. 1846ರಲ್ಲಿ ಈ ಮೂವರೂ ತಮ್ಮ ಪದ್ಯಗಳನ್ನು ಸ್ವಂತ ದುಡ್ಡಿನಲ್ಲಿ ಅಚ್ಚು ಹಾಕಿಸಿದರು, ಮೊದಲು ಕೊಟ್ಟಿದ್ದು 31 ಪೌಂಡ್ 10 ಶಿಲಿಂಗ್, ಮೊದಲ ವರ್ಷ ಹೋಗಿದ್ದು ಎರಡೇ ಪ್ರತಿ. ಬರೆಯುತ್ತಿದ್ದ ಟೇಬಲ್ಲನ್ನು ಮ್ಯೂಸಿಯಂ 2015ರಲ್ಲಿ ಕೊಂಡಿತು, ಅದಕ್ಕೆ ಸಿಕ್ಕ ಅನುದಾನ 5,80,000 ಪೌಂಡ್. ಟೇಬಲ್ ಮೇಲೆ ಇಂಕಿನ ಕಲೆಗಳಿವೆ, ಮಧ್ಯದಲ್ಲಿ ಮೇಣದಬತ್ತಿ ಸುಟ್ಟ ಗುರುತಿದೆ, ಒಂದು ಕಡೆ ಯಾರೋ ಇಂಗ್ಲಿಷಿನ ‘ಇ’ ಅಂತ ಕೆತ್ತಿದ್ದಾರೆ.

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಟೀಪಾಯಿ ಮೇಲೆ ಇಂಕು ಚೆಲ್ಲಿದ್ದಕ್ಕೆ ನಿಂಗೆ ಸುಮ್ನೆ ಹೊಡೆದುಬಿಟ್ಟೆ ಕಣೋ” ಅಂದಳು.