ಹೃದಯಕ್ಕಾಗಿ ಕೊಬ್ಬರಿ ಎಣ್ಣೆ ಬಿಡಬೇಕಾ?

ಪರ: ಬಿಡಬೇಕು

ಡಿಸೆಂಬರ್ ಬಂತೆಂದರೆ ಶಿರಸಿ ಕಡೆಯ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಬಚ್ಚಲ ಒಲೆಯ ಪಕ್ಕ ಬಂದು ಕೂರುತ್ತದೆ. 24 ಡಿಗ್ರಿಯ ಆಸುಪಾಸಿಗೇ ಗಟ್ಟಿಯಾಗುವ ಎಣ್ಣೆ ಅದು. ಅದರಲ್ಲಿ ನೂರಕ್ಕೆ ಸುಮಾರು 90 ಪಾಲು ಸ್ಯಾಚುರೇಟೆಡ್ ಕೊಬ್ಬು, ಅಂದರೆ ತಣ್ಣಗಾದರೆ ಗಟ್ಟಿಯಾಗುವ ಜಾತಿಯ ಕೊಬ್ಬು. ಬೆಣ್ಣೆಯಲ್ಲೂ ಇಷ್ಟಿರುವುದಿಲ್ಲ.

‘ಮೈ ಬಿಸಿಗೆ ಕರಗಿ ಹೋಗ್ತದೆ, ರಕ್ತನಾಳಕ್ಕೆ ಅಂಟೋದಿಲ್ಲ’ ಎನ್ನುವ ಮಾತು ಕೇಳಿಯೇ ಇರುತ್ತೀರಿ. ಅಂಟುವ ಪ್ರಶ್ನೆಯೇ ಇಲ್ಲಿಲ್ಲ. ಇಂಥ ಕೊಬ್ಬು ಜಾಸ್ತಿಯಾದರೆ, ರಕ್ತದಲ್ಲಿರುವ ‘ಕೆಟ್ಟ’ ಎಲ್‌ಡಿಎಲ್ ಕೊಲೆಸ್ಟ್ರಾಲನ್ನು ಹಿಡಿದು ತೆಗೆಯುವ ಲಿವರಿನ ಕೆಲಸ ನಿಧಾನವಾಗುತ್ತದೆ. ಉಳಿದದ್ದು ವರ್ಷಗಟ್ಟಲೆ ರಕ್ತನಾಳದ ಗೋಡೆಯೊಳಗೆ ಸೇರುತ್ತಾ ಹೋಗುತ್ತದೆ. ನೋವಿಲ್ಲ, ಸುದ್ದಿಯಿಲ್ಲ.

2020ರಲ್ಲಿ 16 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸೋಯಾ, ಆಲಿವ್ ತರದ ಎಣ್ಣೆ ತಿಂದಾಗ ಇದ್ದದ್ದಕ್ಕಿಂತ ಕೊಬ್ಬರಿ ಎಣ್ಣೆ ತಿಂದಾಗ ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತಕ್ಕೆ ಸುಮಾರು 10 ಮಿಲಿಗ್ರಾಂ ಮೇಲಿತ್ತು. ‘ಒಳ್ಳೆಯ’ ಎಚ್‌ಡಿಎಲ್ ಕೂಡ ಸ್ವಲ್ಪ ಏರಿತ್ತು, ನಿಜ. ಆದರೆ ಔಷಧಿ ಕೊಟ್ಟು ಎಚ್‌ಡಿಎಲ್ ಏರಿಸಿ ನೋಡಿದವರಿಗೆ ಅದರಿಂದಲೇ ಹಾರ್ಟ್ ಅಟ್ಯಾಕ್ ಕಡಿಮೆಯಾದದ್ದು ಕಾಣಲಿಲ್ಲ.

ಲೆಕ್ಕ ಸುಲಭ. ಒಂದು ದೊಡ್ಡ ಚಮಚಕ್ಕೆ 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ 22 ಗ್ರಾಂ. ಎರಡು ಚಮಚಕ್ಕೆ ಕತೆ ಮುಗಿಯಿತು.

ವಿರೋಧ: ಬಿಡುವುದು ಬೇಡ

ಕಾರವಾರದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿದರು. ಮನೆಗೆ ಬಂದ ಮರುದಿನವೇ ಕೊಬ್ಬರಿ ಎಣ್ಣೆ ಡಬ್ಬಿ ಹೊರಗೆ ಹೋಯಿತು. ಚಿಕ್ಕಮ್ಮ ತಾರ್ಲಿ ಮೀನಿನ ಸಾರಿಗೆ ಕಾಯಿ ಹಾಕುವುದನ್ನೂ ಬಿಟ್ಟಳು. ಅಲ್ಲ, ತೆಪ್ಪಲ ಎಂಬ ಮಸಾಲೆಕಾಯಿ, ಹುಳಿ, ಬರೀ ಮೆಣಸಿನ ನೀರು, ಅದನ್ನು ಸಾರು ಅನ್ನುತ್ತಾರಾ? ಇತ್ತ ಬೀಡಿ ಮಾತ್ರ ಹಿತ್ತಲಲ್ಲಿ ನಡೆದೇ ಇತ್ತು. ಊಟಕ್ಕೆ ಸುಟ್ಟ ಒಣಮೀನು, ಪಕ್ಕದಲ್ಲಿ ಶಿರಸಿಯಿಂದ ತರಿಸಿದ ಅಪ್ಪೆಮಿಡಿ ಉಪ್ಪಿನಕಾಯಿ.

ಉಪ್ಪಿನ ಮಿತಿ ದಿನಕ್ಕೆ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಸಾಣಿಕಟ್ಟಾದ ಉಪ್ಪಿನ ಗದ್ದೆ ಪಕ್ಕದಲ್ಲೇ ಇರುವ ಜಿಲ್ಲೆ ನಮ್ಮದು. ಮೀನಿಗೂ ಮಿಡಿಗೂ ಉಪ್ಪು ಸುರಿಯುವಾಗ ಯಾರೂ ಚಮಚ ಹಿಡಿಯುವುದಿಲ್ಲ. ಬಿಪಿ ಏರುವುದು ಅಲ್ಲಿಂದ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆದದ್ದು. ಅದು ಪಟ್ಟಿ ಮಾಡಿದ್ದು ಹಾರ್ಟ್ ಅಟ್ಯಾಕಿನ ಒಂಬತ್ತು ಕಾರಣಗಳನ್ನು. ಕೊಲೆಸ್ಟ್ರಾಲ್ ಅದರಲ್ಲಿ ಮೇಲೇ ಇದೆ, ಇಲ್ಲವೆನ್ನುವುದಿಲ್ಲ. ಜೊತೆಗೆ ಧೂಮಪಾನ, ಬಿಪಿ, ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ನಡೆದಾಡದಿರುವುದು, ತರಕಾರಿ-ಹಣ್ಣು ಕಡಿಮೆ ತಿನ್ನುವುದೂ ಇವೆ. ಇಷ್ಟೂ ಬಿಟ್ಟು ಒಂದು ಎಣ್ಣೆಯನ್ನು ಕಟಕಟೆಗೆ ಹತ್ತಿಸುವುದು ಸುಮ್ನೆ ಸುಲಭ, ಅಲ್ವಾ?

ಶಾಂತ ಸಾಗರದ ಟೊಕೆಲಾವ್ ದ್ವೀಪದವರು ಅರ್ಧಕ್ಕಿಂತ ಜಾಸ್ತಿ ಕ್ಯಾಲೊರಿ ತೆಂಗಿನಿಂದಲೇ ಪಡೆಯುತ್ತಿದ್ದರು. ಅವರ ಕೊಲೆಸ್ಟ್ರಾಲ್ ಕಡಿಮೆಯೇನಿರಲಿಲ್ಲ, ಆದರೂ ರಕ್ತನಾಳದ ಕಾಯಿಲೆ ಅಪರೂಪ ಎಂದು 1981ರ ವರದಿ ಹೇಳಿತು. ಅವರು ತಿನ್ನುತ್ತಿದ್ದದ್ದು ಇಡೀ ಕಾಯಿ, ಮೀನು. ಸಕ್ಕರೆ ಬಲು ಕಡಿಮೆ. ನಾರಿರುವ ಕಾಯಿತುರಿಯೂ ಬಾಣಲೆ ತುಂಬ ಎಣ್ಣೆಯೂ ಒಂದೇ ಅಲ್ಲ. ಬಾಂಗಡೆಯನ್ನು ಎಣ್ಣೆಯಲ್ಲಿ ಮುಳುಗಿಸಿ ಕರಿಯುವುದನ್ನು ನಾನೂ ಸಮರ್ಥಿಸಲಾರೆ. ಒಗ್ಗರಣೆಗೆ ಒಂದು ಸಣ್ಣ ಚಮಚ ಸಾಕು.

ಈಗ ಚಿಕ್ಕಮ್ಮ ತಾರ್ಲಿಗೆ ಮತ್ತೆ ಕಾಯಿ ರುಬ್ಬುತ್ತಿದ್ದಾಳೆ, ಅರ್ಧ ಕಡಿ ಕಾಯಿಯಲ್ಲಿ ನಾಲ್ಕು ಜನಕ್ಕೆ. ಬೀಡಿ ನಿಂತಿದೆ. ಒಣಮೀನಿನ ಡಬ್ಬಿ ಮಾತ್ರ ಇನ್ನೂ ಅಟ್ಟದ ಮೇಲೇ ಇದೆ.