ರಸ್ತೆ ನಿಯಮ ಗೊತ್ತಿರುವ ಮಕ್ಕಳನ್ನು ಏನು ಕೇಳಬೇಕು?

‘ಗೆಳೆಯರ ಜೊತೆ ಮಾತಾಡುತ್ತಾ ಸರಿಯಾಗಿ ನೋಡದೆ ರಸ್ತೆ ದಾಟಿದ್ದು ಎಷ್ಟು ಸಲ?’ ‘ನಿಂತ ಕಾರುಗಳ ಸಂದಿಯಿಂದ ರಸ್ತೆಗಿಳಿದದ್ದು ಎಷ್ಟು ಸಲ?’ 2004ರಲ್ಲಿ ಎಲಿಯಟ್ ಮತ್ತು ಬಾಗನ್ ಎಂಬ ಸಂಶೋಧಕರು ಇಂಗ್ಲೆಂಡಿನ ಹದಿಹರೆಯದ ಮಕ್ಕಳಿಗಾಗಿ ಮಾಡಿದ 43 ಅಂಶಗಳ ಪ್ರಶ್ನಾವಳಿಯ ಧಾಟಿ ಇದು. ಕೆಂಪು ದೀಪದ ಅರ್ಥವೇನು ಎಂದು ಅದು ಕೇಳುವುದೇ ಇಲ್ಲ. ಇಲ್ಲಿ ಕೂತು ಓದುವ ಕನ್ನಡಿಗನಿಗೆ ಚುರುಕ್ಕೆನ್ನುವುದು ಅಲ್ಲೇ.

ನಮ್ಮಲ್ಲಿ ಜನವರಿ ಬಂತೆಂದರೆ ರಸ್ತೆ ಸುರಕ್ಷತೆಯ ಜಾಥಾ, ಪ್ರತಿಜ್ಞೆ, ಪ್ರಬಂಧ ಸ್ಪರ್ಧೆ. ಅದೇ ಸ್ಪರ್ಧೆಯಲ್ಲಿ ಬಹುಮಾನ ಗೆದ್ದ ಪಿಯು ಹುಡುಗ ಸಂಜೆ ಟ್ಯೂಷನ್ನಿಗೆ ಹೊರಟ ಸ್ಕೂಟರಿನಲ್ಲಿ ಮೂರನೆಯವನಾಗಿ ತೂರಿಕೊಳ್ಳುತ್ತಾನೆ. ನಿಯಮ ಅವನಿಗೆ ಬಾಯಿಪಾಠ. ಪ್ರಬಂಧಕ್ಕೆ ಕೊಟ್ಟ ಅಂಕದಿಂದ ಆ ಸಂಜೆಯ ಬಗ್ಗೆ ನಮಗೇನೂ ತಿಳಿಯುವುದಿಲ್ಲ.

ಆ ಇಂಗ್ಲೆಂಡಿನ ಪ್ರಶ್ನಾವಳಿಯ ಜಾಣತನ ಉತ್ತರಗಳನ್ನು ಬೇರ್ಪಡಿಸುವುದರಲ್ಲಿದೆ. ಅಜಾಗರೂಕವಾಗಿ ದಾಟುವುದು ಒಂದು ಗುಂಪು, ರಸ್ತೆಯಲ್ಲೇ ಅಪಾಯದ ಆಟವಾಡುವುದು ಇನ್ನೊಂದು, ಕತ್ತಲಲ್ಲಿ ಹೊಳೆಯುವ ಬಟ್ಟೆ ತೊಡುವಂಥ ಮುನ್ನೆಚ್ಚರಿಕೆ ಮೂರನೆಯದು. ಎಲ್ಲ ಕೂಡಿಸಿ ಒಂದೇ ಅಂಕ ಮಾಡಿದರೆ ಕೆಲಸ ಕೆಟ್ಟಿತು. ಮೈಮರೆತು ದಾಟುವವಳಿಗೂ ಪಂದ್ಯ ಕಟ್ಟಿ ನುಗ್ಗುವವನಿಗೂ ಅಷ್ಟೇ ಅಂಕ ಬಿದ್ದೀತು. ಆದರೆ ಅವಳಿಗೆ ಬೇಕಾದದ್ದು ನಿಜವಾದ ರಸ್ತೆಯಲ್ಲಿ ದಾಟುವ ಅಭ್ಯಾಸ. ಅವನ ವಿಷಯದಲ್ಲಿ ಜೊತೆಗಾರರನ್ನೂ ಕೂರಿಸಿಕೊಂಡು ಮಾತಾಡಬೇಕು.

ನಮ್ಮ ಕಡೆ ಮಾಡುವುದಾದರೆ ‘ಟ್ರಿಪಲ್ ರೈಡಿಂಗ್ ಮಾಡ್ತೀಯಾ?’ ಎಂದು ಕೇಳಬಾರದು, ‘ಇಲ್ಲ ಸಾರ್’ ಎಂದೇ ಬರುತ್ತದೆ. ‘ಕಳೆದ ಒಂದು ತಿಂಗಳಲ್ಲಿ ಎಷ್ಟು ಸಲ?’ ಎಂದು ಕೇಳಿ, ‘ಒಮ್ಮೆಯೂ ಇಲ್ಲ’ದಿಂದ ‘ತುಂಬಾ ಸಲ’ದವರೆಗೆ ಐದು ಆಯ್ಕೆ ಕೊಡಬೇಕು. ಹೆಸರು, ರೋಲ್ ನಂಬರ್ ಬೇಡ. ಕೈಬರಹವೂ ಬೇಡ, ಟಿಕ್ ಸಾಕು. ಕ್ಲಾಸ್ ಟೀಚರ್ ಬೆಂಚುಗಳ ನಡುವೆ ಓಡಾಡಬಾರದು, ಹಾಳೆಗಳು ಮುಚ್ಚಿದ ಡಬ್ಬಿಗೆ ಬೀಳಬೇಕು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ಸೇರಿಸಿದ 199ಎ ಕಲಮಿನಂತೆ, ಅಪ್ರಾಪ್ತರು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೋ ಮಾಲೀಕರಿಗೋ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಅಪ್ಪನನ್ನು ಸಿಕ್ಕಿಸುವ ಉತ್ತರಕ್ಕೆ ಯಾವ ಹುಡುಗ ಟಿಕ್ ಹಾಕುತ್ತಾನೆ? ಪೊಲೀಸರು ಬಂದು ಭಾಷಣ ಮಾಡಿಹೋದ ದಿನವಂತೂ ಈ ಹಾಳೆ ಹಂಚಲೇಬಾರದು.

ಹಾಳೆಯೊಂದನ್ನೇ ನಂಬುವಂತೆಯೂ ಇಲ್ಲ. ಬೆಲ್ ಹೊಡೆಯುವ ಮುಂಚಿನ ಇಪ್ಪತ್ತು ನಿಮಿಷ ಗೇಟಿನಿಂದ ತುಸು ದೂರ ಇಬ್ಬರು ನಿಂತು, ಒಬ್ಬರದನ್ನೊಬ್ಬರು ನೋಡದೆ ಎಣಿಸಬೇಕು: ಗಾಡಿಯಲ್ಲಿ ಎಷ್ಟು ಜನ, ಹೆಲ್ಮೆಟ್ ತಲೆಯ ಮೇಲೋ ಮೊಣಕೈಯಲ್ಲೋ, ಸ್ಟ್ರಾಪ್ ಬಿಗಿದಿದೆಯೋ. ಸಾಮಾನ್ಯವಾಗಿ ಎಡವುವುದು ಇಲ್ಲೇ. ತಪ್ಪು ಮಾಡಿದವರನ್ನು ಮಾತ್ರ ಬರೆದುಕೊಂಡು, ಒಟ್ಟು ಎಷ್ಟು ಗಾಡಿ ಬಂದವೆಂಬುದನ್ನೇ ಬಿಡುತ್ತಾರೆ. ಆಮೇಲೆ ನೂರಕ್ಕೆ ಎಷ್ಟು ಎಂದು ಹೇಳುವುದು ಹೇಗೆ? ಮೂಲೆಯಲ್ಲಿ ಟ್ರಾಫಿಕ್ ಪೊಲೀಸ್ ನಿಂತ ದಿನದ ಎಣಿಕೆಯನ್ನು ಬೇರೆಯೇ ಇಡಬೇಕು. ಗೇಟಿನಲ್ಲಿ ಕಂಡದ್ದಕ್ಕೂ ಹಾಳೆಯಲ್ಲಿ ಬಂದದ್ದಕ್ಕೂ ತೀರಾ ಅಂತರವಿದ್ದರೆ ಮಕ್ಕಳು ಹೆದರಿ ಬರೆದಿದ್ದಾರೆ ಎಂದೇ ಮೊದಲು ಅನುಮಾನಿಸುವುದು ಒಳ್ಳೆಯದು.

ಇಷ್ಟೆಲ್ಲ ಹೇಳಿದ ಮೇಲೆ ಒಂದನ್ನು ಒಪ್ಪಿಕೊಳ್ಳಲೇಬೇಕು, ಮನಸ್ಸಿಲ್ಲದಿದ್ದರೂ. ಇಂಗ್ಲೆಂಡಿನ ಹಾಳೆಯನ್ನು ಹಾಗೇ ಕನ್ನಡಕ್ಕೆ ಇಳಿಸಿ ಹಂಚಿದರೆ ನಮ್ಮ ಮಕ್ಕಳಿಗೆ ಅನ್ಯಾಯ. ಫುಟ್‌ಪಾತೇ ಇಲ್ಲದ ಊರಿನಲ್ಲಿ ರಸ್ತೆಯ ಮೇಲೆ ನಡೆಯುವುದು ಹುಡುಗಿಯ ಹುಂಬತನವಲ್ಲ. ಬೆಳಿಗ್ಗೆಗೆ ಇರುವುದೊಂದೇ ಬಸ್ಸು, ಅದೂ ತುಂಬಿ ಬಂದರೆ ಫುಟ್‌ಬೋರ್ಡಿನಲ್ಲಿ ನೇತಾಡುವವನನ್ನು ಪುಂಡ ಎನ್ನಲಾಗದು. ಹಾಗಾಗಿ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಬೇರೆ ದಾರಿ ಇತ್ತೇ?’ ಎಂಬ ಇನ್ನೊಂದು ಕಾಲಂ ಬೇಕು. ಅಲ್ಲಿ ‘ಇಲ್ಲ’ ಎಂದು ಬಂದ ಉತ್ತರಗಳನ್ನು ಮಗುವಿನ ಲೆಕ್ಕದಿಂದ ತೆಗೆದು, ಬಸ್ಸಿನದಾದರೆ ಡಿಪೋ ಮ್ಯಾನೇಜರಿಗೆ, ರಸ್ತೆಯದಾದರೆ ಪಂಚಾಯಿತಿಗೋ ನಗರಸಭೆಗೋ ಬರೆದು ಕಳಿಸಬೇಕು.