ಟಿಕ್!

ಗುರಿ ಅಭ್ಯಾಸಕ್ಕೆಂದು ಗಾಳಿಗೆ ಎಸೆದ ಮಣ್ಣಿನ ಬಿಲ್ಲೆಗೆ ಗುರಿಯಿಟ್ಟು, ಉಸಿರು ಬಿಗಿಹಿಡಿದು ಟ್ರಿಗರ್ ಎಳೆದರೆ ನನ್ನ ಜೋಡುನಳಿಗೆ ಕೋವಿ ‘ಟಿಕ್’ ಅಂದಿತು. ಢಂ ಅಲ್ಲ, ಟಿಕ್. ಲೈಟಿನ ಸ್ವಿಚ್ ಒತ್ತಿದ ಹಾಗೆ. ಬಿಲ್ಲೆ ತನ್ನ ಪಾಡಿಗೆ ಹಾರಿ ಹೋಗಿ ಹುಲ್ಲಿನ ಮೇಲೆ ಆರಾಮಾಗಿ ಮಲಗಿತು. ಈ ತಿಂಗಳಲ್ಲಿ ಇದು ನಾಲ್ಕನೇ ಸಲ.

ಟಿಕ್ ಅಂದ ಕೋವಿಯನ್ನು ತಕ್ಷಣ ಮಡಚಿ ನೋಡುವಂತಿಲ್ಲ. ತೋಟಾದ ಬುಡದಲ್ಲಿ ಕಿಡಿ ಹಾರಿಸುವ ಕೇಪು ತಡವಾಗಿ ಹತ್ತಿಕೊಂಡು ತೋಟಾ ಆಮೇಲೆ ಸಿಡಿಯುವುದೂ ಉಂಟು. ಯಾರೂ ಇಲ್ಲದ ಕಡೆಗೆ ನಳಿಗೆ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಬೇಕು. ನಾನು ಪುಕ್ಕಲ, 60 ಎಣಿಸುತ್ತೇನೆ. 22ಕ್ಕೆ ಮೂಗಿನ ಮೇಲೆ ನೊಣ ಕೂತಿತು. ಸಹಿಸಿದೆ. 41ಕ್ಕೆ ಹಿಂದಿನಿಂದ ದೊಡ್ಡಪ್ಪನ ದನಿ.

“ಎಣ್ಣೆ ಬಿಟ್ಟಿದ್ದೀಯೇನೋ?”

“ಬಿಟ್ಟಿದ್ದೀನಿ ದೊಡ್ಡಪ್ಪ.”

“ಎಷ್ಟು ತೊಟ್ಟು?”

“ಎರಡು.”

ಅಷ್ಟೇ, ಲೆಕ್ಕ ಎರಡಕ್ಕೇ ಬಂದು ನಿಂತಿತು. ಮತ್ತೆ ಮೂರು, ನಾಲ್ಕು... ನೊಣಕ್ಕೂ ಬೇಜಾರಾಗಿ ಎದ್ದುಹೋಯಿತು.

ತೋಟಾ ತೆಗೆದು ನೋಡಿದೆ. ಕೇಪಿನ ನಡುವೆ ಆಳವಾದ ಗುಳಿ ಬೀಳಬೇಕಿತ್ತು. ಇದೋ, ಚೇಳು ಕುಟುಕಬೇಕಾದ ಕಡೆ ಇರುವೆ ಕಚ್ಚಿದ ಹಾಗಿತ್ತು. ಅದೇ ಡಬ್ಬಿಯ ಇನ್ನೊಂದು ತೋಟಾ ಎಡ ನಳಿಗೆಗೆ ಹಾಕಿದರೆ ಢಂ! ಅಲ್ಲಿಗೆ ತೋಟಾ ನಿರಪರಾಧಿ. ಬಲಗಡೆಯ ಸ್ಪ್ರಿಂಗ್ ಸೋತಿರಬೇಕು, ಇಲ್ಲವೇ ಕೇಪಿಗೆ ಕುಟ್ಟುವ ಫೈರಿಂಗ್ ಪಿನ್ನಿನ ತುದಿ ಸವೆದಿರಬೇಕು ಅಂತ ದಾರಿಯುದ್ದಕ್ಕೂ ಗೊಣಗಿಕೊಂಡೇ ಮನೆಗೆ ಬಂದೆ.

ಎರಡೂ ನಳಿಗೆ ಖಾಲಿಯೇ ಅಂತ ಎರಡು ಸಲ ನೋಡಿ ಬಿಚ್ಚಲು ಕೂತೆ. ಕೋವಿಯ ಸ್ಕ್ರೂಗಳ ಗೀರು ಬಹಳ ಸಣ್ಣ. ಅದಕ್ಕೆ ಸರಿಯಾಗಿ ಕೂರುವ ಸ್ಕ್ರೂಡ್ರೈವರೇ ಬೇಕು. ಕೈಗೆ ಸಿಕ್ಕಿದ್ದರಲ್ಲಿ ತಿರುಗಿಸಿದರೆ ತಲೆ ಕಿತ್ತುಹೋಗುತ್ತದೆ, ಸ್ಕ್ರೂವಿನದು ಮೊದಲು, ನಮ್ಮದು ಆಮೇಲೆ.

ಒಳಗೆ ಸ್ಪ್ರಿಂಗ್ ಗಟ್ಟಿಯಾಗೇ ಇತ್ತು. ಪಿನ್ನಿನ ತುದಿಯೂ ದುಂಡಗೇ ಇತ್ತು. ಆದರೆ ಬೆರಳಿನಿಂದ ಒತ್ತಿದರೆ ಸರಾಗವಾಗಿ ಹೋಗಿ ಬರಬೇಕಾದ ಪಿನ್ನು ಗೋಂದಿನಲ್ಲಿ ಬಿದ್ದ ಇರುವೆಯಂತೆ ತೆವಳುತ್ತಿತ್ತು. ಸುತ್ತ ಹಳೇ ಎಣ್ಣೆ, ಕಂದು ಬಣ್ಣದ ಮೇಣವಾಗಿ ಕೂತಿತ್ತು. ಕೋವಿಯನ್ನು ನೆಟ್ಟಗೆ ನಿಲ್ಲಿಸಿಟ್ಟರೆ ನಳಿಗೆಯ ಎಣ್ಣೆಯೆಲ್ಲ ಕೆಳಗಿಳಿದು ಇಲ್ಲೇ ಸೇರುತ್ತದೆ. ಹಿಡಿಯ ಮರವೂ ಕುಡಿದು ಕಪ್ಪಾಗಿತ್ತು. ನಾನು ಬಿಟ್ಟ ಎರಡು ತೊಟ್ಟು ಇಷ್ಟು ಸಂಸಾರ ಹೂಡಲು ಸಾಧ್ಯವೇ ಇಲ್ಲ.

ನಮ್ಮ ದೊಡ್ಡಪ್ಪನಿಗೆ ಎಲ್ಲ ಕಾಯಿಲೆಗೂ ಎಣ್ಣೆಯೇ ಮದ್ದು. ಬಾಗಿಲು ಕಿರ್ ಅಂದರೆ ಎಣ್ಣೆ, ಅನ್ನದಿದ್ದರೆ ಮುಂದೆ ಅನ್ನದಿರಲಿ ಅಂತ ಎಣ್ಣೆ. ಫ್ಯಾನು, ಛತ್ರಿ, ಕನ್ನಡಕದ ಕಡ್ಡಿ ಯಾವುದನ್ನೂ ಬಿಟ್ಟಿಲ್ಲ. ಒಮ್ಮೆ ಟೀವಿ ರಿಮೋಟಿಗೂ ಬಿಟ್ಟರು. ಆವತ್ತಿನಿಂದ ಅದು ಕೈಯಲ್ಲಿ ನಿಲ್ಲುವುದಿಲ್ಲ.

“ಕೋವಿಗೆ ನೀವೂ ಬಿಡ್ತಿದ್ದೀರಾ ದೊಡ್ಡಪ್ಪ?”

“ದಿನಾ ಅಲ್ಲಪ್ಪ, ವಾರಕ್ಕೊಂದ್ಸಲ. ಎರಡೇ ತೊಟ್ಟು.”

ಬಿಟ್ಟು ತೋರಿಸಿದರು. ಕೈ ನಡುಗುತ್ತಿತ್ತು. “ಒಂದು” ಅನ್ನುವಷ್ಟರಲ್ಲಿ ಆರೇಳು ಬಿದ್ದಿತ್ತು. ಅವರ ಕಣ್ಣಿಗೆ ಕಂಡದ್ದು ಒಂದೇ. ನನಗೆ ಎರಡು ತೊಟ್ಟಿನ ಲೆಕ್ಕ ಕಲಿಸಿದ್ದೂ ಅದೇ ಕೈ. ಆಗ ಎರಡು ಅಂದರೆ ಎರಡೇ. ಬೈಯಲು ತೆರೆದ ಬಾಯಿ ಮುಚ್ಚಿಕೊಂಡೆ.

ಮೇಣ ಕರಗಿಸಿ ತೆಗೆದು, ಒರೆಸಿ, ಒಣಗಿಸಿ, ಎಣ್ಣೆ ಸೋಕಿಸಿದೆನೋ ಇಲ್ಲವೋ ಅನ್ನುವಷ್ಟು ಸೋಕಿಸಿ ಜೋಡಿಸಿದೆ. ಡಮ್ಮಿ ತೋಟಾ ಹಾಕಿ ಟ್ರಿಗರ್ ಎಳೆದರೆ ಎರಡೂ ಕಡೆ ಚುರುಕಾದ ಟಕ್. ಈ ಸಲ ನಳಿಗೆ ಕೆಳಗೆ ಮಾಡಿ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಕೀಲಿಕೈ ನನ್ನ ಜೇಬಿಗೆ.

ಬೆಳಿಗ್ಗೆ ನೋಡಿದರೆ ಬೀರುವಿನ ಬೀಗದಿಂದ ಎಣ್ಣೆ ಸೋರುತ್ತಿತ್ತು.